ಬಸುರಾಗುವ ಮೊದಲೇ ಕೇಳಿ: ಔಷಧಿಯ ವಿಚಾರದಲ್ಲಿ ಹೆಣ್ಣಿನ ಹಕ್ಕುಗಳು

ಮದುವೆ ಗೊತ್ತಾದ ಕೂಡಲೇ ಮಗಳ ಫಿಟ್ಸ್ ಮಾತ್ರೆಗಳನ್ನು ಬಚ್ಚಿಡುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಗಂಡನ ಮನೆಯವರಿಗೆ ಗೊತ್ತಾದೀತೆಂಬ ಅಂಜಿಕೆಯಿಂದ ಕೆಲವರು ಮಾತ್ರೆಯನ್ನು ಬಿಟ್ಟೇಬಿಡುತ್ತಾರೆ. ಇನ್ನು ಕೆಲವರು ಯಾರನ್ನೂ ಕೇಳದೆ ನುಂಗುತ್ತಾ ಹೋಗಿ, ಮುಟ್ಟು ನಿಂತ ಮೇಲೆ ಗಾಬರಿಯಿಂದ ಆಸ್ಪತ್ರೆಗೆ ಓಡುತ್ತಾರೆ. ಎರಡರಲ್ಲೂ ಅಪಾಯವಿದೆ. ಬಸುರಾಗುವ ಮೊದಲೇ ವೈದ್ಯರನ್ನು ಕೇಳಿದರೆ ಇವೆರಡನ್ನೂ ತಪ್ಪಿಸಬಹುದು. ಹಾಗೆ ಕೇಳಿ ತಿಳಿಯುವುದು ನಿಮ್ಮ ಹಕ್ಕು.

ಮೊದಲೇ ಏಕೆ?

ಮಗುವಿನ ಮಿದುಳು ಮತ್ತು ಬೆನ್ನುಹುರಿಗೆ ಬುನಾದಿಯಾಗುವ ನರಕೊಳವೆ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿದ್ದು ಗೊತ್ತಾಗುವ ಹೊತ್ತಿಗೆ ಅದರಲ್ಲಿ ಅರ್ಧ ಕಾಲ ಕಳೆದಿರುತ್ತದೆ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಮಾತ್ರೆಯನ್ನೇ ನೋಡಿ. ಬಸುರಿ ಇದನ್ನು ತೆಗೆದುಕೊಂಡರೆ ಹುಟ್ಟುವ ಪ್ರತಿ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಅಂಗದೋಷ ಇರಬಹುದು. 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ, ಬುದ್ಧಿಯ ಬೆಳವಣಿಗೆಯಲ್ಲಿ ತೊಂದರೆ ಕಾಣಿಸಬಹುದು. ಹಾಗೆಂದು ಮಾತ್ರೆಯನ್ನು ದಿಢೀರನೆ ನಿಲ್ಲಿಸಬಾರದು. ಫಿಟ್ಸ್ ಬಿಡದೆ ಬಂದು ತಾಯಿಯ ಜೀವಕ್ಕೇ ಕುತ್ತಾಗಬಹುದು. ಮೊದಲೇ ಹೇಳಿದರೆ ವೈದ್ಯರು ನಿಧಾನವಾಗಿ ಬೇರೆ ಔಷಧಿಗೆ ಬದಲಾಯಿಸಬಹುದು.

ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಸಂಧಿವಾತದ ಮೆಥೊಟ್ರೆಕ್ಸೇಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಬಿ.ಪಿ.ಗೆ ಕೊಡುವ ಎನಲಾಪ್ರಿಲ್ ಬಗ್ಗೆಯೂ ಮೊದಲೇ ವಿಚಾರಿಸಬೇಕು. ಥೈರಾಯ್ಡ್ ಮಾತ್ರೆಯ ಕಥೆ ಬೇರೆ: ಅದನ್ನು ಬಿಡಬಾರದು, ಬಸುರಿನಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಬೇಕಾಗುವುದೇ ಹೆಚ್ಚು. ಫೋಲಿಕ್ ಆಸಿಡ್ ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೊಗ್ರಾಂ, ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಶುರುವಾಗಬೇಕು. ಫಿಟ್ಸ್ ಇದ್ದವರಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಅದನ್ನು ವೈದ್ಯರೇ ತೀರ್ಮಾನಿಸುತ್ತಾರೆ.

ವೈದ್ಯರ ಎದುರಿನಲ್ಲಿ

ಚಿಕಿತ್ಸೆಯ ಅಪಾಯ ಮತ್ತು ಬದಲಿ ದಾರಿಗಳನ್ನು ರೋಗಿಗೆ ಅರ್ಥವಾಗುವಷ್ಟು ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಮಗು ಬೇಕೇ ಬೇಡವೇ ಎಂಬ ಹೆಣ್ಣಿನ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸೇರಿದ್ದೆಂದು 2009ರ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ಹಾಗಾಗಿ ಹಿಂಜರಿಯದೆ ಕೇಳಿ:

• ಈ ಔಷಧಿ ಇರುವಾಗ ಗರ್ಭ ನಿಂತರೆ ಮಗುವಿಗೆ ಏನಾಗಬಹುದು?
• ಇದರ ಬದಲು ಬೇರೆ ಔಷಧಿ ಇದೆಯೇ?
• ಬದಲಾಯಿಸಿದ ಮೇಲೆ ಎಷ್ಟು ಕಾಲ ಕಾಯಬೇಕು?

'ಮಗುವಿಗೆ ಯೋಚಿಸುತ್ತಿದ್ದಾರೆ' ಎಂಬ ಮಾತನ್ನೂ ಕೊಟ್ಟ ಸಲಹೆಯನ್ನೂ ಚೀಟಿಯಲ್ಲೇ ಬರೆದುಕೊಡಲು ವಿನಂತಿಸಿ. ನಿಮ್ಮ ಕಾಯಿಲೆಯ ವಿಷಯವನ್ನು ವೈದ್ಯರು ಗುಟ್ಟಾಗಿ ಇಡಬೇಕು; ಅತ್ತೆಯಾಗಲಿ ಗಂಡನಾಗಲಿ ಜೊತೆಗೆ ಬಂದಿದ್ದರೆ, ಒಬ್ಬರೇ ಮಾತಾಡಬೇಕೆಂದು ಹೇಳಬಹುದು. ವೈದ್ಯಕೀಯ ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಾವಳಿ ಹೇಳುತ್ತದೆ.

ಔಷಧಿ ಅಂಗಡಿಯಲ್ಲಿ

ಸ್ಟ್ರಿಪ್ ತಿರುಗಿಸಿ ನೋಡಿ. 'ಶೆಡ್ಯೂಲ್ ಎಚ್' ಎಂದಿದ್ದರೆ ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಚೀಟಿ ನೋಡಿ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಅವರನ್ನೂ ಕೇಳಿ, ತಿಳಿಸಿ ಹೇಳುವುದು ಅವರ ಕೆಲಸದಲ್ಲೇ ಸೇರಿದೆ. ಬಿಲ್ ಬಿಡಬೇಡಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಕೊಂಡ ಔಷಧಿಯ ಗುಣಮಟ್ಟದ ಮೇಲೆ ಸಂಶಯವಿದ್ದರೆ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲು 1940ರ ಔಷಧಿ ಕಾಯ್ದೆಯ 26ನೇ ಕಲಂ ಅವಕಾಶ ಕೊಡುತ್ತದೆ.

'ಬಂಜೆತನಕ್ಕೆ ಖಂಡಿತ ಮದ್ದು' ಎಂಬ ಔಷಧಿ ಜಾಹೀರಾತಿಗೆ 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ನಿಷೇಧವಿದೆ. 'ಗಂಡು ಮಗು ಆಗುವ ಪುಡಿ' ಎಂದು ಪ್ರಚಾರ ಮಾಡುವುದು 1994ರ ಲಿಂಗ ಆಯ್ಕೆ ನಿಷೇಧ ಕಾಯ್ದೆಯಡಿ ಶಿಕ್ಷಾರ್ಹ. ಯಾರೇ ಒತ್ತಾಯಿಸಿದರೂ ಒಳಗೇನಿದೆಯೆಂದು ಗೊತ್ತಿಲ್ಲದ ಪುಡಿಯನ್ನು ನುಂಗಬೇಡಿ.

ತೊಂದರೆಯಾದರೆ

ಔಷಧಿ ತೆಗೆದುಕೊಳ್ಳುತ್ತಿರುವಾಗಲೇ ಬಸುರು ನಿಂತಿದೆಯೆಂದು ತಿಳಿದರೆ ಗಾಬರಿಯಾಗದೆ ಅದೇ ದಿನ ವೈದ್ಯರನ್ನು ಕಾಣಿ. ಮುಂದಿನ ಯಾವುದೇ ತೀರ್ಮಾನ ನಿಮ್ಮದು. ಕಾನೂನಿನಂತೆ ಗರ್ಭಪಾತಕ್ಕೂ ವಯಸ್ಕ ಹೆಣ್ಣಿನ ಒಪ್ಪಿಗೆಯೇ ಸಾಕು, ಗಂಡನ ಸಹಿ ಬೇಕಿಲ್ಲ.

ಔಷಧಿಯ ಅಡ್ಡಪರಿಣಾಮವನ್ನು ರೋಗಿಯೇ ಸರ್ಕಾರಕ್ಕೆ ವರದಿ ಮಾಡಬಹುದು. ಸಹಾಯವಾಣಿ 1800-180-3024, ವರದಿಯ ನಮೂನೆ ಕನ್ನಡದಲ್ಲೂ ಇದೆ. ಖಾಸಗಿ ಆಸ್ಪತ್ರೆಯ ಮೇಲೆ ದೂರಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಕೊಡಿ. ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಿರಿ.

ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡುವ ಸೇವೆಗೆ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುವುದಿಲ್ಲ. ಒಂದು ಮಾತು ನೆನಪಿಡಿ: ಮಗುವಿಗೆ ತೊಂದರೆಯಾದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ವೈದ್ಯರಿಗೆ ನೀವೇನು ಹೇಳಿದಿರಿ, ಅವರೇನು ಹೇಳಿದರು ಎಂಬುದಕ್ಕೆ ಚೀಟಿ, ಬಿಲ್, ಸ್ಟ್ರಿಪ್‌ಗಳೇ ಸಾಕ್ಷಿ. ಎಲ್ಲವನ್ನೂ ಒಂದೇ ಕಡೆ ಜೋಪಾನವಾಗಿಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಆದಾಯ ಎಷ್ಟೇ ಇರಲಿ, ಎಲ್ಲ ಹೆಣ್ಣುಮಕ್ಕಳೂ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಆದರೆ ಅಲ್ಲಿಗೆ ಹೋಗಬೇಕಾದ ಪರಿಸ್ಥಿತಿಯೇ ಬಾರದಿರಲಿ. ಮಗುವಿನ ಯೋಚನೆ ಮನಸ್ಸಿಗೆ ಬಂದ ತಿಂಗಳೇ, ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ, ನಾಟಿ ಔಷಧಿಗಳನ್ನೂ ಚೀಲಕ್ಕೆ ಹಾಕಿಕೊಂಡು ವೈದ್ಯರ ಮುಂದೆ ಇಡಿ.