ಕಾಯುವ ಪಟ್ಟಿಯಲ್ಲಿರುವ ಮಗು: ನವೋದಯ ಪ್ರವೇಶ ಮತ್ತು ತರಗತಿ ಶಿಕ್ಷಕರ ಹೊಣೆ

ಪೀಠಿಕೆ

ಪ್ರತಿ ವರ್ಷ ನಮ್ಮ ಐದನೆಯ ತರಗತಿಗಳಿಂದ ಕೆಲವು ಮಕ್ಕಳು ಜವಾಹರ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಫಲಿತಾಂಶ ಬಂದ ದಿನ ಆಯ್ಕೆಯಾದ ಮಗುವಿಗೆ ಏನು ಹೇಳಬೇಕೆಂಬುದು ನಮಗೆ ತಿಳಿದಿದೆ. ಆಯ್ಕೆಯಾಗದ ಮಗುವನ್ನು ಸಂತೈಸುವ ಮಾತುಗಳೂ ನಮ್ಮಲ್ಲಿವೆ. ಆದರೆ ಇವರಿಬ್ಬರ ನಡುವೆ ಇನ್ನೊಂದು ಮಗು ಇರುತ್ತದೆ. ಅದರ ಹೆಸರು ಕಾಯುವ ಪಟ್ಟಿಯಲ್ಲಿದೆ. ಅದಕ್ಕೆ ಅಭಿನಂದನೆ ಹೇಳುವಂತಿಲ್ಲ, ಸಾಂತ್ವನ ಹೇಳುವ ಕಾಲವೂ ಬಂದಿಲ್ಲ. ಹೀಗಾಗಿ ನಾವು ಬಹುಮಟ್ಟಿಗೆ ಸುಮ್ಮನಾಗುತ್ತೇವೆ, ಇಲ್ಲವೇ ಹೇಳಬಾರದ್ದನ್ನು ಹೇಳಿಬಿಡುತ್ತೇವೆ.

ಎರಡನೆಯ ತಪ್ಪನ್ನು ನಾನೇ ಮಾಡಿದ್ದೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಗಡಿನಾಡಿನ ಒಂದು ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ, ನನ್ನ ತರಗತಿಯ ಹುಡುಗಿಯೊಬ್ಬಳ ಹೆಸರು ಆ ಪಟ್ಟಿಯಲ್ಲಿ ಬಂದಿತ್ತು. "ಖಂಡಿತ ಸಿಗುತ್ತದೆ, ಧೈರ್ಯವಾಗಿರು" ಎಂದು ನಾನು ಹೇಳಿದೆ. ಅವಳ ತಾಯಿ ಹೊಸ ಟ್ರಂಕು ತಂದರು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅವಳು ನೋಟು ಪುಸ್ತಕಗಳ ಮೇಲೆ ಹೆಸರು ಬರೆಯಲಿಲ್ಲ. ಕೇಳಿದ್ದಕ್ಕೆ, "ನಾನು ಹೋಗುವವಳಲ್ಲವೇ ಟೀಚರ್?" ಎಂದಳು. ಆಟಿ ತಿಂಗಳು ಕಳೆದರೂ ಕರೆ ಬರಲಿಲ್ಲ. ಆ ಎರಡು ತಿಂಗಳ ಪಾಠ ಅವಳ ತಲೆಗೆ ಹತ್ತಿರಲಿಲ್ಲ. ಸೀಟು ಸಿಗದಿರುವುದಕ್ಕಿಂತ ಹೆಚ್ಚಾಗಿ ನನ್ನ ‘ಖಂಡಿತ’ ಎಂಬ ಮಾತು ಅವಳನ್ನು ನೋಯಿಸಿತೆಂಬುದು ನನಗೆ ಅರಿವಾದದ್ದು ಆಮೇಲೆ. ಈ ಪಾಠವನ್ನು ಬರೆಯಲು ಆ ಅನುಭವವೇ ಕಾರಣ.

1. ಪಟ್ಟಿಯ ಸ್ವರೂಪವನ್ನು ಮೊದಲು ನಾವು ತಿಳಿಯೋಣ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಅಂಗವಾಗಿ ಬೆಳೆದ ಈ ವಸತಿ ಶಾಲೆಗಳು ಮುಖ್ಯವಾಗಿ ಗ್ರಾಮೀಣ ಮಕ್ಕಳಿಗಾಗಿ ಇರುವಂಥವು. ಕಾಸರಗೋಡು ಜಿಲ್ಲೆಯ ವಿದ್ಯಾಲಯ ಪೆರಿಯದಲ್ಲಿದೆ, ವಯನಾಡಿನದು ಲಕ್ಕಿಡಿಯಲ್ಲಿದೆ. ಗಡಿಯ ಇತರ ಭಾಗಗಳ ಕನ್ನಡ ಮಕ್ಕಳೂ ತಮ್ಮ ತಮ್ಮ ಜಿಲ್ಲೆಯ ವಿದ್ಯಾಲಯಕ್ಕೆ ಪರೀಕ್ಷೆ ಬರೆಯುತ್ತಾರೆ. ತಮಿಳುನಾಡಿನಲ್ಲಿ ನವೋದಯ ವಿದ್ಯಾಲಯಗಳಿಲ್ಲದ ಕಾರಣ ತಾಳವಾಡಿ, ಹೊಸೂರು, ನೀಲಗಿರಿಯ ಮಕ್ಕಳಿಗೆ ಈ ಅವಕಾಶವಿಲ್ಲ.

ಒಂದು ವಿದ್ಯಾಲಯದ ಆರನೆಯ ತರಗತಿಗೆ ಹೆಚ್ಚೆಂದರೆ 80 ಮಕ್ಕಳ ಆಯ್ಕೆ. ಪರೀಕ್ಷೆಯಲ್ಲಿ 80 ಪ್ರಶ್ನೆಗಳು, 100 ಅಂಕಗಳು, ಎರಡು ಗಂಟೆಯ ಅವಧಿ. ಆದರೆ ಹೆಚ್ಚು ಅಂಕ ಪಡೆದ ಮೊದಲ 80 ಮಕ್ಕಳೇ ಆಯ್ಕೆಯಾಗುತ್ತಾರೆಂದು ತಿಳಿಯಬಾರದು. ಕನಿಷ್ಠ ಶೇಕಡಾ 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಕನಿಷ್ಠ ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ ಸಲ್ಲಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮೊದಲಾದ ವರ್ಗಗಳ ಮೀಸಲಾತಿಯೂ ಇದೆ.

ಆಯ್ಕೆಯಾದವರೆಲ್ಲರೂ ಸೇರುವುದಿಲ್ಲ. ಹತ್ತು ಹನ್ನೊಂದು ವರ್ಷದ ಮಗುವನ್ನು ಮನೆಯಿಂದ ದೂರ ಕಳುಹಿಸಲು ಕೆಲವು ತಾಯಿತಂದೆಯರಿಗೆ ಕೊನೆಯ ಗಳಿಗೆಯಲ್ಲಿ ಮನಸ್ಸು ಬರುವುದಿಲ್ಲ. ಕೆಲವರ ದಾಖಲೆಗಳು ಅರ್ಜಿಯಲ್ಲಿ ಬರೆದುದಕ್ಕೆ ಹೊಂದುವುದಿಲ್ಲ. ಹೀಗೆ ತೆರವಾದ ಸ್ಥಾನಗಳಿಗೆ ಕಾಯುವ ಪಟ್ಟಿಯಿಂದ ಕರೆ ಬರುತ್ತದೆ. ತೆರವಾದ ಸ್ಥಾನ ಯಾವ ವರ್ಗದ್ದೋ ಸಾಮಾನ್ಯವಾಗಿ ಆ ವರ್ಗದ ಮಗುವಿಗೇ ಕರೆ. ಆದುದರಿಂದ ಪಟ್ಟಿ ಎಷ್ಟು ಮುಂದೆ ಸಾಗುವುದೆಂಬುದು ಯಾರ ಊಹೆಗೂ ನಿಲುಕುವುದಲ್ಲ. ‘ಕಳೆದ ವರ್ಷ ಇಷ್ಟು ಮಂದಿಗೆ ಸಿಕ್ಕಿತ್ತು’ ಎಂಬ ಲೆಕ್ಕವನ್ನು ಈ ವರ್ಷದ ಮಗುವಿಗೆ ಹೇಳುವುದು ಸರಿಯಲ್ಲ.

2. ಮಗುವಿನೊಡನೆ ಮಾತು

ಮೊದಲನೆಯದಾಗಿ, ಮಗುವಿನೊಡನೆ ಒಂಟಿಯಾಗಿ ಮಾತನಾಡಬೇಕು. ಬಂಧುಗಳು ಆಗಲೇ "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ" ಎಂದು ಅದರ ಎದುರಿನಲ್ಲೇ ಹೇಳಿರುತ್ತಾರೆ. ತಾನು ಇನ್ನೆರಡು ಪ್ರಶ್ನೆ ಸರಿಮಾಡಿದ್ದರೆ ಎಂದು ಮಗು ಲೆಕ್ಕ ಹಾಕುತ್ತಿರುತ್ತದೆ. ಆಗ ನಾವು ಹೇಳಬಹುದಾದ ಸತ್ಯಗಳು ಮೂರು: ನೀನು ಚೆನ್ನಾಗಿ ಬರೆದಿದ್ದೀ. ಕರೆ ಬರಬಹುದು, ಬಾರದೆಯೂ ಇರಬಹುದು. ಅದು ನಿನ್ನ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಬಂದರೆ ಹೋಗುವೆ, ಬಾರದಿದ್ದರೆ ಇಲ್ಲಿ ಕಲಿಯುವೆ. ಎರಡಕ್ಕೂ ನಾನು ನಿನ್ನೊಂದಿಗಿರುವೆ.

‘ಖಂಡಿತ’ ಎನ್ನಬಾರದು. ‘ಹೋಗಲಿ ಬಿಡು, ಅದೇನು ದೊಡ್ಡದು’ ಎಂದೂ ಅನ್ನಬಾರದು. ಒಂದು ವರ್ಷ ಬೆಳಗಿನ ಜಾವ ಎದ್ದು ಲೆಕ್ಕ ಬಿಡಿಸಿದ ಮಗುವಿಗೆ ಅದು ದೊಡ್ಡದೇ.

3. ತರಗತಿಯಲ್ಲಿ ಎರಡು ಚಟುವಟಿಕೆಗಳು

ಚಟುವಟಿಕೆ ಒಂದು (ಗಣಿತ): ಆರು ಕುರ್ಚಿಗಳನ್ನಿಡಿ. ನಾಲ್ಕಕ್ಕೆ ಕೆಂಪು ಚೀಟಿ, ಎರಡಕ್ಕೆ ನೀಲಿ ಚೀಟಿ ಅಂಟಿಸಿ. ಆರು ಮಕ್ಕಳು ತಮ್ಮ ಚೀಟಿಯ ಬಣ್ಣದ ಕುರ್ಚಿಯಲ್ಲಿ ಕುಳಿತುಕೊಳ್ಳಲಿ. ಉಳಿದ ನಾಲ್ವರು ಕ್ರಮವಾಗಿ ಕೆಂಪು, ಕೆಂಪು, ನೀಲಿ, ಕೆಂಪು ಚೀಟಿ ಹಿಡಿದು ಸಾಲಾಗಿ ನಿಲ್ಲಲಿ. ಈಗ ನೀಲಿ ಕುರ್ಚಿಯ ಒಂದು ಮಗುವನ್ನು ಎಬ್ಬಿಸಿ. ಸಾಲಿನಲ್ಲಿ ಮೂರನೆಯ ಮಗು ಹೋಗಿ ಕುಳಿತುಕೊಳ್ಳುತ್ತದೆ, ಮೊದಲನೆಯದು ನಿಂತೇ ಇರುತ್ತದೆ. "ನಿಂತವರು ಏನು ತಪ್ಪು ಮಾಡಿದರು?" ಎಂದು ಕೇಳಿ. "ಏನೂ ಇಲ್ಲ" ಎಂಬ ಉತ್ತರ ಮಕ್ಕಳಿಂದಲೇ ಬರುತ್ತದೆ. ಕಾಯುತ್ತಿರುವ ಮಗುವನ್ನೇ ಸಾಲಿನಲ್ಲಿ ನಿಲ್ಲಿಸದೆ, ನೋಡುವವರ ನಡುವೆ ಕುಳ್ಳಿರಿಸಬೇಕು.

ಚಟುವಟಿಕೆ ಎರಡು (ಭಾಷೆ): ‘ಕಾಯು’ ಎಂಬ ಕ್ರಿಯಾಪದವನ್ನು ಕಪ್ಪು ಹಲಗೆಯ ಮೇಲೆ ಬರೆದು ವಾಕ್ಯಗಳನ್ನು ಕೇಳಿ. ಬಸ್ಸಿಗೆ ಕಾಯುತ್ತೇವೆ, ದನ ಕಾಯುತ್ತೇವೆ, ಒಲೆಯ ಮೇಲೆ ನೀರು ಕಾಯುತ್ತದೆ. ನಿರೀಕ್ಷೆ, ರಕ್ಷಣೆ, ಬಿಸಿಯಾಗುವುದು ಎಂಬ ಮೂರು ಅರ್ಥಗಳು ಒಂದೇ ರೂಪದಲ್ಲಿ ಸಿಗುತ್ತವೆ. ಮಲಯಾಳದ ‘ಕಾತ್ತಿರಿಕ್ಕುಕ’ ಎಂಬ ಪದವನ್ನು ಬಲ್ಲ ಮಕ್ಕಳು ನಂಟನ್ನು ತಾವೇ ಗುರುತಿಸುತ್ತಾರೆ. ದನ ಕಾಯುವವನು ಸುಮ್ಮನೆ ಕುಳಿತಿರುವುದಿಲ್ಲ, ಅವನ ಕಣ್ಣು ಕೆಲಸ ಮಾಡುತ್ತಿರುತ್ತದೆ ಎಂಬಷ್ಟನ್ನು ಹೇಳಿ ಮುಂದಿನ ಪಾಠಕ್ಕೆ ಹೋಗಿ. ಉಪದೇಶ ಬೇಡ.

4. ಪಾಲಕರೊಡನೆ ಮಾತು

ಮಾದರಿಯಾಗಿ ಒಂದು ಸಂಭಾಷಣೆ:

ತಂದೆ: ಟೀಚರೇ, ಪಟ್ಟಿಯಲ್ಲಿ ಹೆಸರು ಉಂಟಲ್ಲ, ಆರನೆಯದರ ಯೂನಿಫಾರ್ಮು ಹೊಲಿಸುವುದು ಬೇಡ ಅಂತ ಕಾಣ್ತದೆ.

ಶಿಕ್ಷಕಿ: ಹೊಲಿಸಿ. ಮೊದಲ ದಿನದಿಂದಲೇ ಅವನನ್ನು ಕಳುಹಿಸಿ.

ತಂದೆ: ಇಲ್ಲಿ ಕಲಿಯಲಿಕ್ಕೆ ಶುರು ಮಾಡಿದರೆ ಅಲ್ಲಿಯ ಸೀಟು ತಪ್ಪಿ ಹೋಗುವುದಿಲ್ಲವಾ?

ಶಿಕ್ಷಕಿ: ಇಲ್ಲ. ಕರೆ ಬಂದರೆ ಟಿ.ಸಿ. ಬರೆದುಕೊಡುತ್ತೇವೆ. ಆದರೆ ಕಾಗದಪತ್ರಗಳನ್ನು ಈಗಲೇ ಒಟ್ಟು ಮಾಡಿ ಇಟ್ಟುಕೊಳ್ಳಿ. ಕರೆ ಬಂದ ಮೇಲೆ ಓಡಾಡಲಿಕ್ಕೆ ಸಮಯ ಸಿಗುವುದಿಲ್ಲ.

ಈ ಕೊನೆಯ ಮಾತು ಮುಖ್ಯವಾದುದು. ಜನನ ಪ್ರಮಾಣಪತ್ರ, ವಾಸಸ್ಥಳದ ದಾಖಲೆ, ಮೀಸಲಾತಿ ಇದ್ದರೆ ಅದರ ಪ್ರಮಾಣಪತ್ರ, ಮೂರು, ನಾಲ್ಕು, ಐದನೆಯ ತರಗತಿಗಳನ್ನು ಗ್ರಾಮೀಣ ಶಾಲೆಯಲ್ಲಿ ಕಲಿತ ಬಗ್ಗೆ ದೃಢೀಕರಣ, ಇವೆಲ್ಲ ಸಿದ್ಧವಾಗಿರಬೇಕು. ಕನ್ನಡ ದಾಖಲೆಯಲ್ಲಿ ಒಂದು ರೀತಿ, ಮಲಯಾಳ ದಾಖಲೆಯಲ್ಲಿ ಇನ್ನೊಂದು ರೀತಿ, ಇಂಗ್ಲಿಷಿನಲ್ಲಿ ಮತ್ತೊಂದು ರೀತಿ ಹೆಸರು ಬರೆದಿರುವುದು ಗಡಿನಾಡಿನ ಮಕ್ಕಳಿಗೆ ಸಾಮಾನ್ಯವಾದ ತೊಡಕು. ಅದನ್ನು ಕಾಯುವ ದಿನಗಳಲ್ಲೇ ಸರಿಪಡಿಸಿಕೊಳ್ಳಲು ನೆರವಾಗಬೇಕು. ಅರ್ಜಿಯಲ್ಲಿ ಕೊಟ್ಟ ದೂರವಾಣಿ ಸಂಖ್ಯೆ ಈಗಲೂ ಬಳಕೆಯಲ್ಲಿದೆಯೇ ಎಂಬುದನ್ನೂ ವಿಚಾರಿಸಬೇಕು.

5. ಮುಂದಿರುವ ಬಾಗಿಲುಗಳು

ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ಇದನ್ನು ಮುಚ್ಚಿಡಬಾರದು. ಆದರೆ ಎಂಟನೆಯ ತರಗತಿಯಲ್ಲಿರುವಾಗ ಅದೇ ಜಿಲ್ಲೆಯ ವಿದ್ಯಾಲಯದ ಒಂಬತ್ತನೆಯ ತರಗತಿಯ ತೆರವಾದ ಸ್ಥಾನಗಳಿಗೆ ಬೇರೆಯೇ ಪರೀಕ್ಷೆ ಇದೆ. ಅಲ್ಲಿ ಗಣಿತ, ವಿಜ್ಞಾನಗಳಿಗೆ ತಲಾ 35 ಅಂಕ. ಇಂಗ್ಲಿಷ್, ಹಿಂದಿಗೆ ತಲಾ 15. ಕನ್ನಡ ಮಾಧ್ಯಮದ ಮಗುವಿಗೆ ಗಣಿತ ವಿಜ್ಞಾನಗಳ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಆರನೆಯ ತರಗತಿಯಿಂದಲೇ ಸ್ವಲ್ಪ ಸ್ವಲ್ಪವಾಗಿ ಪರಿಚಯಿಸಿದರೆ ಆ ಬಾಗಿಲು ತೆರೆದೇ ಇರುತ್ತದೆ.

ಕೇರಳದ ನಮ್ಮ ಮಕ್ಕಳಿಗೆ ಏಳನೆಯ ತರಗತಿಯಲ್ಲಿ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಎಂಟನೆಯ ತರಗತಿಯಲ್ಲಿ ಎಲ್ಲ ರಾಜ್ಯಗಳಲ್ಲೂ ಎನ್.ಎಂ.ಎಂ.ಎಸ್. ಪರೀಕ್ಷೆ ಇದೆ. ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದಿದ್ದರೆ, ಇದರಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಈ ವೇತನ ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ಮಕ್ಕಳಿಗೆ ಮಾತ್ರ. ನವೋದಯದಂತಹ ವಸತಿ ಶಾಲೆಯವರಿಗೆ ಇಲ್ಲ. ನವೋದಯದ ತಯಾರಿಯಲ್ಲಿ ಮಗು ಕಲಿತ ಬೌದ್ಧಿಕ ಸಾಮರ್ಥ್ಯದ ಪ್ರಶ್ನೆಗಳು ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ. ಕಲಿತದ್ದು ವ್ಯರ್ಥವಾಗಿಲ್ಲ ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಾಗಿಲ್ಲ.

6. ನಮ್ಮನ್ನು ನಾವು ಕೇಳಿಕೊಳ್ಳಬೇಕಾದುದು

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯ ಚಿಂತೆ ನಿತ್ಯದ್ದು. ತರಗತಿಯ ಜಾಣ ಮಗು ಹೊರಟರೆ ಹಾಜರಿ ಪುಸ್ತಕದಲ್ಲಿ ಒಂದು ಸಾಲು ಕಡಿಮೆಯಾಗುತ್ತದೆ. ಪಟ್ಟಿ ಮುಂದೆ ಸಾಗದಿದ್ದಾಗ ನಮ್ಮ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಸಮಾಧಾನ ಹುಟ್ಟಬಹುದು. ಅದನ್ನು ಗುರುತಿಸಿಕೊಳ್ಳುವುದು ಅವಮಾನವಲ್ಲ. ಅದರಂತೆ ನಡೆದುಕೊಳ್ಳುವುದು ತಪ್ಪು. ಮಗುವಿನ ದಾಖಲೆಗಳನ್ನು ಸಕಾಲದಲ್ಲಿ ಬರೆದುಕೊಡುವುದು ನಮ್ಮ ಕರ್ತವ್ಯ.

ಹಾಗೆಯೇ ಉಳಿದ ಮಗುವನ್ನು ‘ಸಿಗದೆ ಉಳಿದವನು’ ಎಂದು ನೋಡಬಾರದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯವಿರಬೇಕೆಂಬ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿತು. ನಮ್ಮ ತರಗತಿ ಇನ್ನೊಂದು ಶಾಲೆಗೆ ಹೋಗುವವರು ತಂಗುವ ನಿಲ್ದಾಣವಲ್ಲ. ಜೂನ್ ತಿಂಗಳ ಮೊದಲ ವಾರ ಆ ಮಗುವಿನ ಪಕ್ಕದಲ್ಲಿ ಕುಳಿತು, ಆರನೆಯ ತರಗತಿಯ ನೋಟು ಪುಸ್ತಕದ ಮೇಲೆ ಅದರ ಹೆಸರನ್ನು ಅದರ ಕೈಯಿಂದಲೇ ಬರೆಯಿಸಿ. ಕರೆ ಬಂದರೆ ಆ ಪುಸ್ತಕವನ್ನು ಅದು ತನ್ನೊಡನೆ ಕೊಂಡೊಯ್ಯಲಿ.

ಕ್ಲಸ್ಟರ್ ಸಭೆಯಲ್ಲಿ ಚರ್ಚೆಗೆ

1. ಕಾಯುವ ಪಟ್ಟಿಯಲ್ಲಿರುವ ಮಗುವಿಗೆ ನೀವು ಈವರೆಗೆ ಹೇಳಿದ ಮಾತುಗಳಲ್ಲಿ ಇಂದು ಹಿಂತೆಗೆದುಕೊಳ್ಳಬೇಕೆನಿಸುವುದು ಯಾವುದು?

2. ಒಂದೇ ತರಗತಿಯಲ್ಲಿ ಒಬ್ಬರು ಆಯ್ಕೆಯಾಗಿ, ಆಪ್ತ ಸ್ನೇಹಿತರೊಬ್ಬರು ಪಟ್ಟಿಯಲ್ಲಿ ಉಳಿದರೆ, ಬೀಳ್ಕೊಡುಗೆಯನ್ನು ಹೇಗೆ ನಡೆಸುವಿರಿ?

3. ನಿಮ್ಮ ಶಾಲೆಯ ಮಕ್ಕಳ ಹೆಸರುಗಳು ಎಲ್ಲ ದಾಖಲೆಗಳಲ್ಲಿ ಒಂದೇ ರೀತಿ ಇವೆಯೇ? ಐದನೆಯ ತರಗತಿಯಿಂದ ಪರಿಶೀಲನೆ ಆರಂಭಿಸಿ.