ಚೀಟಿಯಲ್ಲಿ ‘ಅಲರ್ಜಿಕ್ ರೈನೈಟಿಸ್’ ಎಂದಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು

ಕಾರವಾರ, ಅಂಕೋಲೆ ಕಡೆ ಮೂಗಿಗೆ ಏನೇ ಆದರೂ ಹೆಸರು ಎರಡೇ: ಥಂಡಿ, ಇಲ್ಲವೇ ಸೈನಸ್. ವೈದ್ಯರು ಚೀಟಿಯಲ್ಲಿ ‘ಅಲರ್ಜಿಕ್ ರೈನೈಟಿಸ್’ ಎಂದು ಬರೆದರೂ ಮನೆ ಮುಟ್ಟುವಷ್ಟರಲ್ಲಿ ಅದು ಸೈನಸ್ ಆಗಿರುತ್ತದೆ. ತಪ್ಪು ಹೆಸರು ಹೇಳಿದವರಿಗೆ ತಪ್ಪು ಔಷಧ ಸಿಕ್ಕೀತು. ಅದಕ್ಕೇ ಈ ಸೂಚನೆ.

ರೈನೈಟಿಸ್ ಎಂದರೆ ಮೂಗಿನ ಒಳಪದರದ ಉರಿಯೂತ. ದೂಳಿನ ಹುಳ, ಬೂಷ್ಟು, ಪರಾಗ, ಬೆಕ್ಕಿನ ಮೈಯ ಹೊಟ್ಟು ಮುಂತಾದ ನಿರುಪದ್ರವಿ ಕಣವನ್ನು ದೇಹ ಶತ್ರುವೆಂದು ಬಗೆದು ಐಜಿಇ ಎಂಬ ಪ್ರತಿಕಾಯ ಮಾಡಿಟ್ಟುಕೊಳ್ಳುತ್ತದೆ. ಅದೇ ಕಣ ಮತ್ತೆ ಮೂಗು ಹೊಕ್ಕಾಗ ಹಿಸ್ಟಮಿನ್ ಬಿಡುಗಡೆಯಾಗುತ್ತದೆ. ಸಾಲು ಸೀನು, ನೀರಿನಂತೆ ಸೋರುವ ಮೂಗು, ಮೂಗು ಕಣ್ಣುಗಳ ತುರಿಕೆ ಎಲ್ಲ ಅದರಿಂದಲೇ. ಜ್ವರವಿಲ್ಲ, ಇನ್ನೊಬ್ಬರಿಗೆ ಅಂಟುವುದಿಲ್ಲ. ಸೈನಸ್ ಎಂಬುದು ಕಾಯಿಲೆಯೇ ಅಲ್ಲ. ಮುಖದ ಎಲುಬಿನೊಳಗಿನ ಗಾಳಿಗೂಡು, ಎಲ್ಲರಿಗೂ ಇರುವಂಥದ್ದು. ಅದರ ಒಳಪದರ ಬಾತರೆ ಸೈನುಸೈಟಿಸ್: ಹಣೆ ಕೆನ್ನೆಗಳಲ್ಲಿ ನೋವು, ದಪ್ಪ ಹಳದಿ ಸಿಂಬಳ, ಕೆಲವೊಮ್ಮೆ ಜ್ವರ. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೊಸ್ಟಾಕ್ ತನ್ನದೇ ಕಾಯಿಲೆಯನ್ನು ವಿವರಿಸಿದ ಮೇಲೆ ಹಬ್ಬಿದ ‘ಹೇ ಫೀವರ್’ ಎಂಬ ಹೆಸರೂ ದಾರಿ ತಪ್ಪಿಸುವಂಥದ್ದೇ. ಅದರಲ್ಲಿ ಜ್ವರವೂ ಇಲ್ಲ, ಒಣಹುಲ್ಲೇ ಕಾರಣವೂ ಅಲ್ಲ.

ಮಾಡಬೇಕಾದ್ದು

ಕಾಯಿಲೆಯ ಪೂರ್ತಿ ಹೆಸರು ಹೇಳಿ, ಪೂರ್ತಿ ಬರೆಸಿಕೊಳ್ಳಿ. ‘ಎಆರ್’ ಎಂದಷ್ಟೇ ಗೀಚಿದ್ದರೆ ಬಿಡಿಸಿ ಬರೆಯಲು ಕೇಳಿ. ಹೃದಯದ ವೈದ್ಯರಿಗೆ ಅದೇ ಎರಡಕ್ಷರ ಕವಾಟದ ಸೋರಿಕೆ, ಅಂದರೆ ಅಯೋರ್ಟಿಕ್ ರಿಗರ್ಜಿಟೇಶನ್. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ವಾರಕ್ಕೆ ಎಷ್ಟು ದಿನ, ಸತತ ಎಷ್ಟು ವಾರ ಎಂಬುದನ್ನು ಬರೆದಿಡಿ. ವಾರದಲ್ಲಿ 4 ದಿನ ಅಥವಾ ಹೆಚ್ಚು, ಅದೂ 4 ವಾರ ಅಥವಾ ಹೆಚ್ಚು ಇದ್ದರೆ ವೈದ್ಯರು ಅದನ್ನು ‘ಪರ್ಸಿಸ್ಟೆಂಟ್’ ಎನ್ನುತ್ತಾರೆ, ಅದಕ್ಕಿಂತ ಕಡಿಮೆಯಾದರೆ ‘ಇಂಟರ್ಮಿಟೆಂಟ್’. ಚಿಕಿತ್ಸೆ ಇದರ ಮೇಲೆ ನಿಂತಿದೆ. ಯಾವಾಗ ಹೆಚ್ಚುತ್ತದೆ ಎಂಬುದನ್ನೂ ಗುರುತು ಹಾಕಿ. ಕರಿ ಇಶಾಡು ಮಾವು, ಗೇರು ಹೂಬಿಡುವಾಗಲೋ, ಭತ್ತ ಬಡಿಯುವಾಗಲೋ, ಸಿಗಡಿ ಸುಲಿಯುವ ಕೆಲಸದಲ್ಲೋ? ಬೇಲೆಕೇರಿ ಬಂದರಿಗೆ ಅದಿರು ಲಾರಿ ಓಡುತ್ತಿದ್ದ ಕಾಲದಲ್ಲಿ ಕೆಂಪು ದೂಳಿಗೆ ಸೀನಿದವರೆಲ್ಲ ಅಲರ್ಜಿಯವರಲ್ಲ. ಅಂಥ ದೂಳು ಯಾರ ಮೂಗನ್ನಾದರೂ ಕೆರಳಿಸುತ್ತದೆ. ತುರಿಕೆ ಇದೆಯೋ ಇಲ್ಲವೋ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ.

ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಕರಾವಳಿಯ ತೇವ ದೂಳಿನ ಹುಳಕ್ಕೂ ಬೂಷ್ಟಿಗೂ ಹೇಳಿ ಮಾಡಿಸಿದ್ದು. ಶ್ರಾವಣದಲ್ಲಿ ಹಬ್ಬದ ಸೀರೆಗೆಂದು ಕಪಾಟು ತೆರೆದಾಗ ಮೂಗಿಗೆ ಹೊಡೆಯುವ ಆ ಮುಗ್ಗಲು ವಾಸನೆ, ಚಪ್ಪಲಿಯ ಮೇಲಿನ ಬಿಳಿ ಬೂಷ್ಟು, ಹಂಚಿನ ಸಂದಿಯಿಂದ ಇಳಿದ ನೀರಿನ ಕಲೆ: ಇವು ಬೂಷ್ಟಿನ ಗುರುತುಗಳು. ದಿಂಬಿನ ಚೀಲ, ಹಾಸಿಗೆ ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ, ಅಂದರೆ ಕೈ ಅದ್ದಲಾಗದಷ್ಟು ಬಿಸಿಯ ನೀರಿನಲ್ಲಿ ನೆನೆಸಿ ಒಗೆಯಿರಿ. ಬಿಸಿಲು ಬಿದ್ದ ದಿನ ಹಾಸಿಗೆ ಹೊರಗೆ ಹಾಕಿ. ಅದನ್ನು ಬಡಿಯುವವರು ಕಾಯಿಲೆ ಇಲ್ಲದವರಾಗಿರಲಿ, ಕಾಯಿಲೆಯವರು ದೂರ ಇರಲಿ.

ಸ್ಟೆರಾಯ್ಡ್ ಸ್ಪ್ರೇ (ಫ್ಲುಟಿಕಾಸೋನ್, ಮೊಮೆಟಾಸೋನ್) ಕೊಟ್ಟಿದ್ದರೆ ದಿನವೂ ಹಾಕಿ. ಪೂರ್ಣ ಪರಿಣಾಮಕ್ಕೆ ಎರಡು ವಾರ ಬೇಕಾಗಬಹುದು; ಮೂರನೇ ದಿನವೇ ‘ಉಪಯೋಗವಿಲ್ಲ’ ಎಂದು ಬಿಟ್ಟವರು ಔಷಧವನ್ನು ಪರೀಕ್ಷಿಸಿಯೇ ಇಲ್ಲ. ಹಾಕುವ ಕ್ರಮ: ಬಾಟಲಿ ಅಲುಗಾಡಿಸಿ, ತಲೆ ತುಸು ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಿಡಿಯಿರಿ. ಹಾಗೆ ಹಿಡಿದರೆ ತುದಿ ತಾನಾಗಿ ಅದೇ ಬದಿಯ ಕಣ್ಣಿನ ಹೊರಮೂಲೆಯತ್ತ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ಅಲ್ಲಿ ಕೆರೆದು ರಕ್ತ ಬರುತ್ತದೆ. ಮೆಲ್ಲಗೆ ಉಸಿರೆಳೆಯಿರಿ. ಜೋರಾಗಿ ಸೆಳೆದರೆ ಔಷಧ ಗಂಟಲಿಗೆ ಹೋಗುತ್ತದೆ.

ಮಾಡಬಾರದ್ದು

ಮೆಡಿಕಲ್ ಅಂಗಡಿಯಲ್ಲಿ ‘ಸೈನಸ್ಸಿಗೆ ಆಂಟಿಬಯಾಟಿಕ್ ಕೊಡಿ’ ಎಂದು ಕೇಳಬೇಡಿ. ಅಲರ್ಜಿಯಲ್ಲಿ ಕೊಲ್ಲಲು ಬ್ಯಾಕ್ಟೀರಿಯವೇ ಇಲ್ಲ.

ಮೂಗು ತೆರೆಯುವ ಡ್ರಾಪ್ಸ್ (ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್) ವೈದ್ಯರು ಹೇಳದೆ 5 ದಿನ ದಾಟಿಸಬೇಡಿ. ಆಮೇಲೆ ಆ ಹನಿಯೇ ಮೂಗು ಕಟ್ಟಿಸುತ್ತದೆ, ಕಟ್ಟಿತೆಂದು ಮತ್ತೆ ಹನಿ ಬೇಕಾಗುತ್ತದೆ.

ಅಲರ್ಜಿಗೆ ಕೊಡುವ ಸಿಟ್ರಿಜಿನ್, ಸಿಪಿಎಂ (ಕ್ಲೋರ್ಫೆನಿರಮಿನ್) ಗುಳಿಗೆ ನುಂಗಿ ಹೆದ್ದಾರಿ 66ರಲ್ಲಿ ಗಾಡಿ ಓಡಿಸಬೇಡಿ, ರಾತ್ರಿ ದೋಣಿ ಹತ್ತಬೇಡಿ. ಸಿಪಿಎಂ ಅಂತೂ ಗಾಢ ನಿದ್ದೆ ತರುವ ಹಳೆಯ ಔಷಧ. ಬೈತಖೋಲ ಬಂದರಿನಿಂದ ಸಮುದ್ರಕ್ಕಿಳಿಯುವವರು ನಿದ್ದೆ ತೀರಾ ಕಡಿಮೆ ತರುವ ಗುಳಿಗೆಯನ್ನು, ಉದಾಹರಣೆಗೆ ಫೆಕ್ಸೋಫೆನಡಿನ್ ಅನ್ನು, ಕೊಡಲಾಗುತ್ತದೆಯೇ ಎಂದು ವೈದ್ಯರನ್ನು ಮೊದಲೇ ಕೇಳಿ. ಬಲೆ ಎಳೆಯುವಾಗ ತೂಕಡಿಕೆ ಬಂದರೆ ಆಳು ನೀರುಪಾಲು.

ವರ್ಷಕ್ಕೊಂದು ‘ಅಲರ್ಜಿ ಇಂಜೆಕ್ಷನ್’ ಎಂಬ ಆಸೆಗೆ ಬೀಳಬೇಡಿ. ಬಹಳಷ್ಟು ಸಲ ಅದು ದೀರ್ಘಕಾಲದ ಸ್ಟೆರಾಯ್ಡ್. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರಿಸುತ್ತದೆ, ಪದೇ ಪದೇ ತೆಗೆದುಕೊಂಡರೆ ಎಲುಬು ಸವೆಸುತ್ತದೆ. ಮೂಗಿಗಷ್ಟೇ ತಾಗುವ ಸ್ಪ್ರೇಗೂ ಇಡೀ ಮೈಗೆ ಹರಡುವ ಇದಕ್ಕೂ ಹೋಲಿಕೆಯಿಲ್ಲ.

ಬಾವಿ ನೀರನ್ನಾಗಲಿ ನಲ್ಲಿ ನೀರನ್ನಾಗಲಿ ಹಸಿಯಾಗಿ ಮೂಗಿಗೆ ಹಾಕಿ ತೊಳೆಯಬೇಡಿ. ಅದರಲ್ಲಿ ಮಿದುಳಿಗೇರುವ ಅಮೀಬಾ ಇರಬಹುದು. 2024, 2025ರಲ್ಲಿ ಪಕ್ಕದ ಕೇರಳದಲ್ಲಿ ಈ ಸೋಂಕಿನಿಂದ ಜನ ಸತ್ತಿದ್ದಾರೆ. ಒಂದು ಲೀಟರ್ ನೀರು ಕುದಿಸಿ, ಆರಿಸಿ, 9 ಗ್ರಾಂ ಉಪ್ಪು ಕರಗಿಸಿ ಬಳಸಿ.

ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ, ಧೂಪ ಬೇಡ. ಸೊಳ್ಳೆಪರದೆ ಕಟ್ಟಿ.

ಇಷ್ಟಾದರೂ ಒಂದೇ ಹೊಳ್ಳೆ ಕಟ್ಟಿಕೊಂಡೇ ಇದ್ದರೆ, ಸಿಂಬಳದಲ್ಲಿ ರಕ್ತ ಕಂಡರೆ, ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಸದ್ದು ಬಂದರೆ ಕಾಯಬೇಡಿ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ನಲ್ಲಿ ಕಿವಿ, ಮೂಗು, ಗಂಟಲು ವಿಭಾಗವಿದೆ, ತೋರಿಸಿ. ಸಣ್ಣ ಮಗುವಿನ ಒಂದೇ ಹೊಳ್ಳೆಯಿಂದ ನಾತದ ಸಿಂಬಳ ಬಂದರೆ ಅಲರ್ಜಿ ಎನ್ನಬೇಡಿ. ಮಣಿಯೋ ಹುಣಸೆಬೀಜವೋ ಒಳಗೆ ಸಿಕ್ಕಿರಬಹುದು. ಚಿಮಟ ಹಾಕಿ ತೆಗೆಯಲು ಹೋಗದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.