ನೋವಿಲ್ಲ ಅಂದ್ರೆ ಸುಟ್ಟಿಲ್ಲ ಅಂತಲ್ಲ

ಆಸಿಡ್ ಅಂದ್ರೆ ಎಲ್ಲರಿಗೂ ಭಯ. ಕಾಸ್ಟಿಕ್ ಸೋಡಾಗೆ ಅಷ್ಟು ಹೆದರಲ್ಲ. ಆದರೆ ಚರ್ಮದ ಆಳಕ್ಕೆ ಇಳಿದು ಸುಡುವುದರಲ್ಲಿ ಸಾಮಾನ್ಯವಾಗಿ ಆಮ್ಲಗಳಿಗಿಂತ ಕ್ಷಾರಗಳೇ ಮುಂದು.

ಸಲ್ಫ್ಯೂರಿಕ್ ಆಸಿಡ್ ತಾಗಿದಾಗ ಚರ್ಮದ ಪ್ರೋಟೀನ್ ಹೆಪ್ಪುಗಟ್ಟಿ ಒಂದು ಗಟ್ಟಿ ಪದರ ಆಗುತ್ತೆ. ಗಾಯ ಘೋರವೇ, ಆದರೂ ಆಸಿಡ್ ಇನ್ನೂ ಒಳಗೆ ಹೋಗುವುದನ್ನು ಆ ಪದರ ಸ್ವಲ್ಪ ತಡೆಯುತ್ತೆ. ಕಾಸ್ಟಿಕ್ ಸೋಡಾ ಹಾಗಲ್ಲ. ಚರ್ಮದ ಕೊಬ್ಬನ್ನು ಸಾಬೂನು ಮಾಡಿ, ಪ್ರೋಟೀನನ್ನು ಕರಗಿಸುತ್ತೆ. ಸೋಪ್ ಫ್ಯಾಕ್ಟರಿಯಲ್ಲಿ ಎಣ್ಣೆಗೆ ಆಗುವುದೇ ಇಲ್ಲಿ ಮೈಗೆ ಆಗೋದು. ಕೈ ಜಾರಿದಂತೆ ಅನ್ಸೋದು ಅದಕ್ಕೇ. ತಡೆಯೋ ಪದರ ಇಲ್ಲ, ಹಾಗಾಗಿ ಇಳೀತಾನೇ ಹೋಗುತ್ತೆ. ಶುರುವಿನಲ್ಲಿ ನೋವು ಕಮ್ಮಿ ಇರಬಹುದು. "ಕೆಲಸ ಮುಗಿಸಿ ತೊಳ್ಕೊಂಡ್ರಾಯ್ತು" ಅನ್ನೋ ಮಾತು ಅಪಾಯ ಆಗೋದು ಇಲ್ಲೇ.

ಗಾಜು ಕೊರೆಯಲು, ಚಿಪ್ ತಯಾರಿಸಲು ಬಳಸುವ ಹೈಡ್ರೋಫ್ಲೋರಿಕ್ ಆಸಿಡ್ ಇನ್ನೂ ಮೋಸದ್ದು. ತೆಳು ದ್ರಾವಣವಾದರೆ ನೋವು ಗಂಟೆಗಟ್ಟಲೆ ತಡವಾಗಿ ಬರಬಹುದು. ಅಷ್ಟರಲ್ಲಿ ಫ್ಲೋರೈಡ್ ಒಳಗಿಳಿದು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತೆ. ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಕುಸಿದರೆ ಹೃದಯದ ಬಡಿತವೇ ತಪ್ಪುತ್ತೆ. ಅದಕ್ಕೇ ಇದನ್ನು ಬಳಸುವ ಕಡೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆ ಸಿಗುವಂತೆ ಇರಬೇಕು. ನೀರಿನಲ್ಲಿ ತೊಳೆದ ಮೇಲೆ ಅದನ್ನು ಹಚ್ಚಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕ್ಷಾರ ಬಿದ್ದರೆ ವಿನೆಗರ್ ಹಾಕಿ ನ್ಯೂಟ್ರಲೈಸ್ ಮಾಡಬಹುದಲ್ವಾ? ಬೇಡ. ನ್ಯೂಟ್ರಲೈಸೇಷನ್ ಶಾಖ ಬಿಡುವ ಕ್ರಿಯೆ ಅಂತ ನಾವೇ ಲ್ಯಾಬಲ್ಲಿ ಅಳೆದಿದ್ದೀವಿ. ಅದೂ ಅಲ್ಲದೆ ವಿನೆಗರ್ ಹುಡುಕುವ ಹೊತ್ತಿಗೆ ಸುಡುವುದು ಮುಂದುವರಿದಿರುತ್ತೆ. ನಾಚಿಕೆ ಬಿಟ್ಟು ಬಟ್ಟೆ ತೆಗೆದು ನೀರಿನಡಿ ನಿಲ್ಲಬೇಕು. ಸುಣ್ಣದ ಪುಡಿಯಾದರೆ ಮೊದಲು ಒಣಗಿದ್ದಾಗಲೇ ಕೊಡವಿ, ಆಮೇಲೆ ನೀರು.

ಎಷ್ಟು ನೀರು? ಅಮೆರಿಕದ ಎಎನ್‌ಎಸ್‌ಐ ಮಾನದಂಡದ ಪ್ರಕಾರ ಎಮರ್ಜೆನ್ಸಿ ಶವರ್ 10 ಸೆಕೆಂಡಿನ ನಡಿಗೆಯೊಳಗೆ ಇರಬೇಕು, ನಿಮಿಷಕ್ಕೆ 75.7 ಲೀಟರಿನಂತೆ 15 ನಿಮಿಷ ಸುರಿಯಬೇಕು. ಗುಣಿಸಿ ನೋಡಿ: 1,135 ಲೀಟರ್. ಮನೆ ಮೇಲಿನ 1,000 ಲೀಟರ್ ಟ್ಯಾಂಕ್ ಪೂರ್ತಿ ಖಾಲಿಯಾದರೂ ಸಾಲದು. ಮೂಲೆಯಲ್ಲಿಟ್ಟ ಒಂದು ಬಕೆಟ್ ಯಾವ ಲೆಕ್ಕ?

ಮುಂದಿನ ಇಂಡಸ್ಟ್ರಿಯಲ್ ವಿಸಿಟ್‌ನಲ್ಲಿ ರಿಯಾಕ್ಟರ್ ನೋಡೋಕೆ ಮುಂಚೆ ಶವರ್ ಎಲ್ಲಿದೆ ನೋಡಿ. ದಾರಿಗೆ ಡ್ರಮ್ ಅಡ್ಡ ಇಟ್ಟಿದ್ದಾರಾ? ಎಳೆದರೆ ನೀರು ಬರುತ್ತಾ? ಕೇಳೋಕೆ ಸಂಕೋಚ ಬೇಡ. ನಾಳೆ ಆ ಪ್ಲಾಂಟ್ ಡಿಸೈನ್ ಮಾಡೋರು ನಾವೇ.